ನೂಕುವ ಪಾಠ

"ಹೋಲ್ಡಾನ್! ಹೋಲ್ಡಾನ್!" ಎಂದು ಡ್ರೈವರು ಕೆಳಗಿನ ಮೆಟ್ಟಿಲಿನಿಂದ ಕೂಗಿದರು.

ಸ್ಟ್ರೆಚರಿನ ಮುಂದಿನ ಹಿಡಿ ಮೆಟ್ಟಿಲಿನ ತಿರುವಿನಲ್ಲಿ ಗೋಡೆಗೆ ಸಿಕ್ಕಿಕೊಂಡಿತ್ತು. ಮೇಲಿನ ತುದಿ ಹಿಡಿದಿದ್ದ ಮಗನಿಗೆ ಕೆಳಗೇನಾಗುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಅವನು ಇನ್ನೂ ನೂಕುತ್ತಲೇ ಇದ್ದ.

"ನಿಲ್ಸಪ್ಪಾ ಅಂದ್ರೆ! ಗೋಡೆ ಸುಣ್ಣ ಎಲ್ಲಾ ನಿಮ್ಮಪ್ಪನ ಮುಖದ ಮೇಲೆ ಉದುರ್ತಾ ಇದೆ. ರಿವರ್ಸ್ ಬಾ, ಒಂದೇ ಒಂದು ಮೆಟ್ಟಿಲು. ಹಾಂ. ಈಗ ತಲೆ ಕಡೆ ಎತ್ತು. ಇನ್ನೂ ಎತ್ತು. ಬಲಕ್ಕೆ ಕಟ್ ಮಾಡು... ರೈಟ್, ರೈಟ್, ಬರ್ಲಿ."

ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತಿದ್ದ ನೆಂಟರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಸರ್ವಿಸಿನುದ್ದಕ್ಕೂ ಹೋಲ್ಡಾನ್, ರೈಟ್ ಎಂದು ಕೂಗಿದ ಕಂಡಕ್ಟರು ಸ್ಟ್ರೆಚರಿನ ಮೇಲೆ ಮಲಗಿದ್ದರು. ಅದನ್ನು ಕೇಳಿ ಬಸ್ಸು ನಿಲ್ಲಿಸುತ್ತಿದ್ದವರು ಈಗ ಕೂಗುತ್ತಿದ್ದರು.

ಮೇಲೆ ಮನೆಯ ಬಾಗಿಲಲ್ಲಿ ಕಂಡಕ್ಟರ ಹೆಂಡತಿ ಮೊದಲನೇ ಮೆಟ್ಟಿಲಿಗೆ ಕಾಲಿಟ್ಟಿದ್ದರು. ಮಗಳು ಹಿಂದಿನಿಂದ ಅವರ ತೋಳು ಹಿಡಿದಳು.

"ಅಮ್ಮಾ, ನೀನೆಲ್ಲಿಗೆ? ಒಳಗೆ ಕೂತ್ಕೋ. ಎಲ್ಲಾ ಇಳಿದ ಮೇಲೆ ನಾನೂ ತಮ್ಮನೂ ಬಂದು ಕರ್ಕೊಂಡು ಹೋಗ್ತೀವಿ."

"ನಾನೇ ಇಳೀತೀನಿ. ಕಂಬಿ ಇದೆಯಲ್ಲ."

"ಕಂಬಿ ಅಲ್ಲಾಡುತ್ತೆ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ?"

"ನಿನ್ನೆ ಔಷಧಿ ತರೋಕೆ ಇದೇ ಕಂಬಿ ಹಿಡ್ಕೊಂಡು ತಾನೇ ಇಳಿದಿದ್ದು?"

"ನಿನ್ನೆ ಕತೆ ಬೇರೆ. ನಿನ್ನೆವರೆಗೂ ನನ್ನ ಗಮನ ಎಲ್ಲಾ ಅಪ್ಪನ ಮೇಲಿತ್ತು. ಇನ್ಮೇಲೆ ನಿನ್ನನ್ನ ಸರಿಯಾಗಿ ನೋಡ್ಕೋತೀನಿ."

ಅದು ಪ್ರೀತಿಯಿಂದಲೇ ಬಂದ ಮಾತು. ತಾಯಿ ಮೆಟ್ಟಿಲಿನ ಮೇಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಆ ಬೆಳಿಗ್ಗೆ ದೇಹವಿನ್ನೂ ಹಾಸಿಗೆಯ ಮೇಲಿದ್ದಾಗಲೇ ಮಗಳು ಕಿಟಕಿ ಪಕ್ಕದ ದೊಡ್ಡ ಕುರ್ಚಿಯನ್ನು ಔಷಧಿ ನೀರಿನಲ್ಲಿ ಒರೆಸಿದ್ದಳು. ಕೂತವರ ಮುಂದೆ ಒಂದು ಹಲಗೆ ಅಡ್ಡ ಬಂದು ಬೀಗದಂತೆ ಕೂಡಿಕೊಳ್ಳುವ ಕುರ್ಚಿ ಅದು. ಕೊಂಡಿ ಹಿಂಬದಿಗಿತ್ತು, ಕೂತವರ ಕೈಗೆ ಎಟುಕುತ್ತಿರಲಿಲ್ಲ. "ಎತ್ತರ ಒಂಚೂರು ಇಳಿಸಿದ್ರೆ ಅಮ್ಮನಿಗೆ ಸರಿಹೋಗುತ್ತೆ," ಎಂದು ತಮ್ಮನಿಗೆ ಹೇಳಿದ್ದಳು. ತಮ್ಮ ತಲೆಯಾಡಿಸಿದ್ದ. ದೂರದ ಊರಿನಲ್ಲಿದ್ದುಕೊಂಡು ಆ ಕುರ್ಚಿ ಕಳಿಸಿಕೊಟ್ಟವನು ಅವನೇ. ಅಪ್ಪನಿಗಾಗಿ ಅವನು ಮಾಡಿದ್ದು ಅದೊಂದೇ ಆದ್ದರಿಂದ ಅದು ವ್ಯರ್ಥವಾಗುವುದು ಅವನಿಗೂ ಬೇಕಿರಲಿಲ್ಲ.

ಕಂಡಕ್ಟರ ತಂಗಿ, ಮಕ್ಕಳ ಸೋದರತ್ತೆ, ಮೂಗು ಒರೆಸಿಕೊಳ್ಳುತ್ತಾ ಮಗಳ ಬೆನ್ನು ಸವರಿದರು. "ಚಿನ್ನದಂಥ ಮಗಳು ಕಣೇ ನೀನು. ಹೂವಿನ ಹಾಗೆ ನೋಡ್ಕೊಂಡೆ ನಮ್ಮಣ್ಣನ್ನ."

"ಕೊನೇವರೆಗೂ ಒಂದು ಸಲಾನೂ ಬೀಳಲಿಲ್ಲ ಅತ್ತೆ," ಎಂದಳು ಮಗಳು. ಬೆಳಗಿನಿಂದ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. "ಬೀಳೋಕೆ ಬಿಡಲಿಲ್ಲ ನಾನು."

*

ಡಿಪೋದಲ್ಲಿ ಕಂಡಕ್ಟರನ್ನು ಕರೆಯುತ್ತಿದ್ದದ್ದು ಕಂಬಣ್ಣ ಎಂದು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಚಿಲ್ಲರೆ. ಹಿಡಿದುಕೊಳ್ಳಲು ಮೂರನೇ ಕೈ ಇಲ್ಲ. ಹೊಸಬರು ಸೀಟಿಗೆ ಸೊಂಟ ಆನಿಸಿ ನಿಲ್ಲುತ್ತಾರೆ. ಕಂಬಣ್ಣ ಯಾವುದಕ್ಕೂ ಆನಿಸದೆ ಕಂಬದ ಹಾಗೆ ನಿಲ್ಲುತ್ತಿದ್ದರು. ಡ್ರೈವರು ಕೆಲವೊಮ್ಮೆ ಬೇಕೆಂದೇ ಗಕ್ಕನೆ ಬ್ರೇಕ್ ಹಾಕಿ ಕನ್ನಡಿಯಲ್ಲಿ ನೋಡುತ್ತಿದ್ದರು. ಪ್ರಯಾಣಿಕರು ಒಬ್ಬರ ಮೇಲೊಬ್ಬರು ವಾಲಿ ಬೈಯುತ್ತಿದ್ದರು. ಕಂಬಣ್ಣ ಒಂದು ಹೆಜ್ಜೆ ಮುಂದಿಟ್ಟು, ಏನೂ ಆಗದವರಂತೆ, "ಚಿಲ್ಲರೆ ಕೊಡಿ ಸ್ವಾಮಿ," ಎನ್ನುತ್ತಿದ್ದರು.

ನಿವೃತ್ತಿಯ ನಂತರ ಅವರು ಕೂತರು. ಟೀವಿ ಮುಂದೆ ಕೂತರು, ಪೇಪರು ಹಿಡಿದು ಕೂತರು, ಊಟವಾದ ಮೇಲೂ ಕೂತಲ್ಲಿಯೇ ಕೂತರು. ಒಂದು ದಿನ ಬಚ್ಚಲಮನೆಯ ಹೊಸ್ತಿಲು ಎಡವಿ ಮೊಣಕೈ ತರಚಿಕೊಂಡರು. ಮಗಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಅಪ್ಪನನ್ನು ಅಂದೇ ಕರೆದುಕೊಂಡು ಹೋಗಿ ಭುಜದಿಂದ ಪಾದದವರೆಗೆ ಚಿತ್ರ ತೆಗೆಸಿದಳು. ಏನೂ ಮುರಿದಿರಲಿಲ್ಲ. ಅಲ್ಲಿನ ಡಾಕ್ಟರು, ವಯಸ್ಸಾದವರು ಬೀಳದ ಹಾಗೆ ಅಭ್ಯಾಸ ಮಾಡಿಸುವ ತರಗತಿಯೊಂದು ಗ್ರಂಥಾಲಯದ ಹಿಂದಿನ ಹಾಲ್‌ನಲ್ಲಿ ನಡೆಯುತ್ತದೆ ಎಂದರು. ಅಲ್ಲಿ ಹೆಸರು ಬರೆಸಿದವಳೂ ಮಗಳೇ. ಕೂತು ಕೈಕಾಲು ಆಡಿಸುವುದು ಇರಬೇಕು ಎಂದುಕೊಂಡಿದ್ದಳು.

ಕಂಡಕ್ಟರ ಜೊತೆ ಹೆಂಡತಿ ಸೇರಿದರು. ಹೆಂಡತಿಯ ಹಿಂದೆ ಡ್ರೈವರೂ ಸೇರಿದರು. ತಮ್ಮ ಹೆಂಡತಿ ಸತ್ತ ಮೇಲೆ ಡ್ರೈವರಿಗೆ ಮಧ್ಯಾಹ್ನಗಳು ಉದ್ದವಾಗಿದ್ದವು.

ಟೀಚರು ಫಿಸಿಯೋಥೆರಪಿ ಓದಿದ, ಇನ್ನೂ ಮೂವತ್ತರ ಆಸುಪಾಸಿನ ಹೆಂಗಸು. ಮೊದಲ ದಿನವೇ ಹೇಳಿದರು: "ದಿನಾ ವಾಕಿಂಗ್ ಹೋಗ್ತೀನಿ, ನಂಗೇನಾಗುತ್ತೆ ಅನ್ನೋರು ಕೈ ಎತ್ತಿ. ವಾಕಿಂಗ್ ಒಳ್ಳೇದು. ಆದ್ರೆ ಬರೀ ವಾಕಿಂಗ್‌ನಿಂದ ಬೀಳೋದು ತಪ್ಪಲ್ಲ."

ಮೊದಲು ಬಲ. ಎದೆಯ ಮೇಲೆ ಕೈಕಟ್ಟಿ ಕುರ್ಚಿಯಿಂದ ಏಳುವುದು, ನಿಧಾನವಾಗಿ ಕೂರುವುದು. ಪಾದಗಳ ಮೇಲೆ ಮರಳು ತುಂಬಿದ ಪಟ್ಟಿ ಕಟ್ಟಿಕೊಂಡು ಕಾಲೆತ್ತುವುದು. ಆಮೇಲೆ ಸಮತೋಲ. ಸೀಮೆಸುಣ್ಣದ ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ ನಿಲ್ಲುವುದು. ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಮೊದಲು ಎರಡೂ ಕೈ, ಬಳಿಕ ಒಂದು ಕೈ, ಬಳಿಕ ಒಂದು ಬೆರಳು, ಕೊನೆಗೆ ಏನೂ ಇಲ್ಲ. ಕತ್ತು ಅತ್ತಿತ್ತ ತಿರುಗಿಸುತ್ತಾ ನಡೆಯುವುದು. ತುಂಬಿದ ಲೋಟ ಹಿಡಿದು ನಡೆಯುವುದು. ನಡೆಯುತ್ತಲೇ ಟೀಚರು ಕೇಳಿದ ಕಳೆಯುವ ಲೆಕ್ಕಕ್ಕೆ ಉತ್ತರ ಹೇಳುವುದು. ಡ್ರೈವರು ಇದರಲ್ಲಿ ಪ್ರತಿಸಲ ಸೋಲುತ್ತಿದ್ದರು. "ಲೆಕ್ಕ ಕಂಬಣ್ಣನ ಡಿಪಾರ್ಟ್‌ಮೆಂಟು ಟೀಚರ್, ನಂದು ಬರೀ ಸ್ಟೀರಿಂಗು," ಎಂದು ನಡುದಾರಿಯಲ್ಲಿ ನಿಂತುಬಿಡುತ್ತಿದ್ದರು.

ವಾರಕ್ಕೊಮ್ಮೆ ಚಾಪೆಯ ಮೇಲೆ ಮಲಗಿ ಏಳುವ ಪಾಠ. ಮಗ್ಗುಲಾಗು, ಅಂಬೆಗಾಲಿಗೆ ಬಾ, ಕುರ್ಚಿಗೆ ಕೈಕೊಡು, ಒಂದು ಪಾದ ಊರು, ಏಳು.

"ಇಲ್ಲಿ ಬೀಳೋದನ್ನೂ ಹೇಳಿಕೊಡ್ತೀರಾ?" ಎಂದು ಕಂಡಕ್ಟರ ಹೆಂಡತಿ ಕೇಳಿದ್ದರು.

"ಬೀಳೋದು ಯಾರೂ ಹೇಳಿಕೊಡದೆ ಬರುತ್ತೆ. ನಾನು ಏಳೋದನ್ನ ಹೇಳಿಕೊಡ್ತೀನಿ."

ಎಲ್ಲಕ್ಕೂ ಕೊನೆಯದು ನೂಕುವ ಪಾಠ. ಸೊಂಟಕ್ಕೆ ಅಗಲದ ಬೆಲ್ಟು ಬಿಗಿದು, ಅದರ ಹಿಡಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಟೀಚರು ಇನ್ನೊಂದು ಕೈಯಿಂದ ಎದೆಗೋ ಭುಜಕ್ಕೋ ಹೇಳದೆ ಕೇಳದೆ ನೂಕುತ್ತಿದ್ದರು. ನೂಕಿಸಿಕೊಂಡವರು ಕಾಲು ಮುಂದಿಟ್ಟೋ ಹಿಂದಿಟ್ಟೋ ತಮ್ಮನ್ನು ತಾವೇ ತಡೆದುಕೊಳ್ಳಬೇಕು. ಕಾಲಲ್ಲಿ ಬಲವಿದ್ದರೆ ಸಾಲದು, ಬೇಕಾದ ಗಳಿಗೆಯಲ್ಲಿ ಕಾಲು ಹೊರಡಬೇಕು, ಅದಕ್ಕೆ ಎಡವಿಯೇ ಅಭ್ಯಾಸವಾಗಬೇಕು ಎನ್ನುತ್ತಿದ್ದರು. ಎಲ್ಲರೂ ಇದಕ್ಕೆ ಹೆದರುತ್ತಿದ್ದರು. ಕಂಬಣ್ಣನೊಬ್ಬರೇ ಸರದಿಗೆ ಕಾಯುತ್ತಿದ್ದದ್ದು.

"ಟೀಚರ್, ಇದು ಬ್ರೇಕಲ್ಲ, ಗೇರ್ ಬದಲಾಯಿಸಿದಷ್ಟೇ. ಜೋರಾಗಿ ಹಾಕಿ. ಈ ನಮ್ಮ ಡ್ರೈವರ ಕೈಲಿ ತಿಂದ ಬ್ರೇಕೇ ಬೇರೆ."

ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ಹೆಂಡತಿ ಬಹಳ ದಿನದಿಂದ ಕೇಳಿರಲಿಲ್ಲ.

*

ಚಿತಾಗಾರದಲ್ಲಿ ಒಂದೇ ಕುಲುಮೆ. ಅವರಿಗಿಂತ ಮುಂಚೆ ಬಂದ ದೇಹವೊಂದು ಒಳಗಿತ್ತು. ಕಾಯುವ ಹಾಲ್‌ನಲ್ಲಿ ಸಿಮೆಂಟಿನ ಬೆಂಚುಗಳು, ತಿರುಗುತ್ತಾ ಕಿರುಗುಟ್ಟುವ ಫ್ಯಾನು. ಹೊರಗಿನ ದಾರಿಯನ್ನು ಅಗೆದು ಪೈಪು ಹಾಕಿ ಮುಚ್ಚಿದ್ದರು. ಮೇಲೆ ಮರಳು ಹರಡಿ ಹಾಗೆಯೇ ಬಿಟ್ಟಿದ್ದರು.

ಟೀಚರು ಬಾಗಿಲಲ್ಲಿ ಕಂಡಾಗ ಮೊದಲು ಎದ್ದವಳು ಮಗಳು.

"ಬಂದ್ರಾ," ಎಂದಳು. ದನಿ ಮರ್ಯಾದೆಯದ್ದೇ. "ನೋಡಿ ಹೋಗಿ. ಕೈಕಾಲು ಒಂದೂ ಊನ ಆಗದ ಹಾಗೆ ಕಳಿಸಿಕೊಡ್ತಾ ಇದ್ದೀನಿ."

ಟೀಚರು ನಮಸ್ಕಾರ ಮಾಡಿ, ಸ್ಟ್ರೆಚರಿನ ಹತ್ತಿರ ಹೋದರು. ಹೊದಿಕೆಯ ಕೆಳಗೆ ಕಾಲುಗಳಿದ್ದ ಕಡೆ ಉಬ್ಬೇ ಇರಲಿಲ್ಲ. ಬಟ್ಟೆ ಹೆಚ್ಚುಕಮ್ಮಿ ಸಪಾಟಾಗಿತ್ತು. ಅದನ್ನು ನೋಡಿ ಅವರು ಮುಖ ತಿರುಗಿಸಿದರು.

ಮೂಲೆಯ ಬೆಂಚಿನಿಂದ ಕಂಡಕ್ಟರ ಹೆಂಡತಿ ಕೈಸನ್ನೆ ಮಾಡಿ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಕ್ಲಾಸು ಇನ್ನೂ ನಡೀತಾ ಇದೆಯಾ?"

"ಇದೆ ಅಮ್ಮಾ."

"ನಾನು ಬರ್ತೀನಿ. ಕೆಲಸ ಎಲ್ಲಾ ಮುಗಿದ ತಕ್ಷಣ ಬರ್ತೀನಿ." ಅವರು ಮಗಳ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಆ ಕುರ್ಚಿ ಒರೆಸಿ ಇಟ್ಟಿದ್ದಾಳೆ, ನಂಗೆ ಅಂತ. ರಜೆ ಮುಗಿದು ಡ್ಯೂಟಿಗೆ ಹೊರಟ ಮೊದಲ ದಿನಾನೇ ನನ್ನ ಅದರಲ್ಲಿ ಕೂರಿಸಿ ಹೋಗ್ತಾಳೆ. ಬೇಡ ಅಂದ್ರೆ ಅಳ್ತಾಳೆ. ಅವಳು ಅತ್ರೆ ನನ್ನ ಕೈಲಿ ಆಗಲ್ಲ. ನೀವು ಹೇಳಿ ಟೀಚರ್. ಇವತ್ತೇ ಹೇಳಿ. ಇವತ್ತು ಜನ ಇದ್ದಾರೆ, ಎಲ್ಲರ ಮುಂದೆ ಇಲ್ಲ ಅನ್ನೋಕೆ ಅವಳಿಗೂ ಸ್ವಲ್ಪ ಕಷ್ಟ ಆಗುತ್ತೆ."

ಟೀಚರು ಬೆಂಚಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು.

"ನಾನು ಹೇಳಿದ್ರೆ ಕೇಳ್ತಾರಾ?"

"ನನ್ನ ಮಾತಂತೂ ಕೇಳಲ್ಲ. ಓದಿದೋರ ಮಾತು ಅಂತನಾದ್ರೂ..."

*

ಕಂಡಕ್ಟರು ಇನ್ನೂ ಕ್ಲಾಸಿಗೆ ಹೋಗುತ್ತಿದ್ದಾಗ, ಒಂದು ದಿನ ಮಗಳು ಅಪ್ಪ ಅಮ್ಮನನ್ನು ಕರೆದೊಯ್ಯಲು ಗ್ರಂಥಾಲಯದ ಹಾಲ್‌ಗೆ ಬೇಗ ಬಂದಿದ್ದಳು. ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದಳು.

ಮಧ್ಯಾಹ್ನ ಅವಳ ಕೋಣೆಗೆ ಅಪ್ಪನ ವಯಸ್ಸಿನ ಒಬ್ಬರನ್ನು ತಳ್ಳಿಕೊಂಡು ಬಂದಿದ್ದರು. ಮನೆಯ ಅಂಗಳದಲ್ಲಿ ಬಿದ್ದವರು. ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿತ್ತು. ಚಿತ್ರ ತೆಗೆಯುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಇಂಥವರನ್ನು ಅವಳು ದಿನವೂ ನೋಡುತ್ತಾಳೆ. ಮುರಿದ ಸೊಂಟವನ್ನು ಫಲಕದ ಮೇಲೆ ಸರಿಯಾಗಿ ಇಡದಿದ್ದರೆ ಚಿತ್ರ ಬರುವುದಿಲ್ಲ, ಇಡುವಾಗ ಅವರು ಕೂಗುತ್ತಾರೆ, ಕೂಗಿದರೂ ಇಡಬೇಕು. ಅಂದು ಬಂದವರು ಕೂಗಲಿಲ್ಲ. ಅವಳ ಮಣಿಕಟ್ಟು ಹಿಡಿದು, "ಸಾಯಂಕಾಲಕ್ಕೆ ಮನೆಗೆ ಹೋಗಬಹುದಾ ಮಗಳೇ?" ಎಂದು ಕೇಳಿದರು. ಹೋಗಬಹುದು ಎಂದಳು. ಹಾಗೆ ಸೊಂಟ ಮುರಿದುಕೊಂಡವರಲ್ಲಿ ಎಷ್ಟು ಮಂದಿ ವರ್ಷ ತುಂಬುವುದರೊಳಗೆ ಸಾಯುತ್ತಾರೆ, ಉಳಿದವರಲ್ಲಿ ಎಷ್ಟು ಮಂದಿ ಮತ್ತೆ ನಡೆಯುವುದಿಲ್ಲ ಎಂಬುದು ಅವಳ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಅದಾದ ಮೇಲೆ ಹಾಲ್‌ನ ಗಾಜಿನ ಬಾಗಿಲಿನಿಂದ ಅವಳು ಕಂಡದ್ದು ಇಷ್ಟು: ಒಬ್ಬ ಹೆಂಗಸು ತನ್ನ ಅಪ್ಪನ ಎದೆಗೆ ಕೈಯಿಟ್ಟು ನೂಕುತ್ತಾಳೆ. ಅಪ್ಪ ಹಿಂದಕ್ಕೆ ತೂರಾಡುತ್ತಾರೆ. ಸುತ್ತ ನಿಂತವರು ನಗುತ್ತಾರೆ. ಅಮ್ಮನೂ ನಗುತ್ತಾಳೆ.

ಬೆಲ್ಟು ಅವಳಿಗೆ ಕಾಣಲಿಲ್ಲ ಎಂದಲ್ಲ. ಕಂಡಿತು. ಬೆಲ್ಟು ಕಟ್ಟಿ ನೂಕುವುದು ಅವಳಿಗೆ ಇನ್ನಷ್ಟು ಕ್ರೂರವಾಗಿ ಕಂಡಿತು.

ಅಂದಿಗೇ ಅವಳು ಅಪ್ಪ ಅಮ್ಮ ಇಬ್ಬರಿಗೂ ಕ್ಲಾಸು ಬಿಡಿಸಿದಳು. ಗ್ರಂಥಾಲಯದ ಕಮಿಟಿ ಅವಳ ದೂರನ್ನು ಕೇಳಿ ತಡಮಾಡಲಿಲ್ಲ. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಹೇಳುತ್ತಿದ್ದಾಳೆ. ನಾಳೆ ಯಾರಾದರೂ ಬಿದ್ದರೆ ಪೇಪರಿನಲ್ಲಿ ಹಾಲ್‌ನ ಹೆಸರು ಬರುತ್ತದೆ. ನೂಕಬಾರದು, ಚಾಪೆಯ ಮೇಲೆ ಮಲಗಿಸಬಾರದು, ಹಿಡಿದುಕೊಳ್ಳದೆ ಯಾರನ್ನೂ ನಿಲ್ಲಿಸಬಾರದು ಎಂದು ತೀರ್ಮಾನವಾಯಿತು. ಟೀಚರನ್ನು ಕರೆದು ಕ್ಷಮೆ ಕೇಳಲು ಹೇಳಿದರು. ಆ ತಿಂಗಳೇ ಅವರ ಗುತ್ತಿಗೆ ಮುಂದುವರಿಯಬೇಕಾಗಿತ್ತು. ತಾವು ಮಾಡಿಸುತ್ತಿದ್ದದ್ದು ಸರಿ ಎಂಬುದಕ್ಕೆ ಅವರ ಹತ್ತಿರ ಬೇಕಾದಷ್ಟು ಪುಸ್ತಕ, ವರದಿಗಳಿದ್ದವು. ಕಮಿಟಿಯ ಮುಂದೆ ಒಂದನ್ನೂ ತೆಗೆಯಲಿಲ್ಲ. ಕ್ಷಮೆ ಕೇಳಿದರು. ಗುತ್ತಿಗೆ ಮುಂದುವರಿಯಿತು.

*

ಟೀಚರು ಎದ್ದು ಹೋಗಿ ಮಗಳ ಎದುರು ನಿಂತಾಗ ಸೋದರತ್ತೆ ಕಾಫಿ ಲೋಟ ಹಿಡಿದು ಹತ್ತಿರದಲ್ಲೇ ಇದ್ದರು. ಮಗ ಫೋನು ನೋಡುತ್ತಿದ್ದ. ಡ್ರೈವರು ಬೆಂಚಿನ ಇನ್ನೊಂದು ತುದಿಯಲ್ಲಿದ್ದರು.

"ಅಮ್ಮ ಕ್ಲಾಸಿಗೆ ಬರಬೇಕು ಅಂತಿದ್ದಾರೆ," ಎಂದರು ಟೀಚರು. "ಕಳಿಸಿಕೊಡಿ. ಅವರ ಕಾಲು ಇನ್ನೂ ಚೆನ್ನಾಗಿದೆ. ಕೂರಿಸಿಬಿಟ್ರೆ ಬಹಳ ಬೇಗ ಹೋಗುತ್ತೆ. ಹಾಸಿಗೆ ಹಿಡಿದ್ರೆ ಒಂದೆರಡು ವಾರ ಸಾಕು, ಆಮೇಲೆ..."

ಮಾತು ಅಲ್ಲಿಗೇ ನಿಂತಿತು. ಮಗಳು ಸ್ಟ್ರೆಚರಿನ ಕಡೆ ನೋಡಿದ್ದಳು.

"ಆಮೇಲೆ? ಹೇಳಿ. ನಾನು ಕೂರಿಸಿದ್ದಕ್ಕೇ ಅಪ್ಪ ಹೋದ್ರು ಅಂತ ತಾನೇ? ಇಲ್ಲೇ ಹೇಳಿಬಿಡಿ, ಎಲ್ಲರೂ ಕೇಳಲಿ."

"ನಾನು ಹಾಗೆ ಹೇಳ್ತಾ ಇಲ್ಲ."

"ಮತ್ತೆ ಹೇಗೆ ಹೇಳ್ತಾ ಇದ್ದೀರಿ? ಅಪ್ಪಂಗೆ ಬಂದಿದ್ದು ಎದೆಯಲ್ಲಿ ನಂಜು, ನ್ಯುಮೋನಿಯಾ. ಕಾಲಿಗೂ ಅದಕ್ಕೂ ಏನು ಸಂಬಂಧ?"

ಮಲಗಿದ್ದವರ ಎದೆಯಲ್ಲಿಯೇ ನಂಜು ಕೂರುತ್ತದೆ ಎಂಬುದು ಟೀಚರಿಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳಿಗೂ ಗೊತ್ತಿತ್ತು. ಒಬ್ಬರು ಹೇಳಲಿಲ್ಲ, ಇನ್ನೊಬ್ಬಳು ಅದನ್ನು ಯಾರೂ ಹೇಳದಿರಲಿ ಎಂದು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಡ್ರೈವರು ಬಾಯಿ ಹಾಕಿದರು. "ನೋಡಮ್ಮಾ, ನಾನೊಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಕ್ಲಾಸಿನಿಂದ ಉಪಯೋಗ ಇದೆ. ನನ್ನೇ ನೋಡು. ಹೋದ ತಿಂಗಳು ಅಡುಗೆಮನೇಲಿ ಬಿದ್ದೆ. ಮನೇಲಿ ಒಂದು ನರಪಿಳ್ಳೆ ಇಲ್ಲ. ಕೂಗಿದ್ರೆ ಕೇಳೋರಿಲ್ಲ. ಟೀಚರ್ ಹೇಳಿದ್ದು ಜ್ಞಾಪಕ ಮಾಡ್ಕೊಂಡೆ. ಮಗ್ಗುಲಾದೆ, ಅಂಬೆಗಾಲಿಗೆ ಬಂದೆ, ಸ್ಟೂಲು ಹಿಡಿದೆ, ಎದ್ದೆ. ಎದ್ದು ಹಾಲು ಕಾಯಿಸ್ಕೊಂಡು ಕುಡಿದೆ. ಒಂದು ತರಚು ಗಾಯ ಇಲ್ಲ."

ಸೋದರತ್ತೆ ಕಾಫಿ ಲೋಟ ಬೆಂಚಿನ ಮೇಲಿಟ್ಟರು.

"ಬಿದ್ರಾ?" ಎಂದಳು ಮಗಳು.

"ಬಿದ್ದೆ, ಅದನ್ನೇ ಹೇಳ್ತಿರೋದು, ಬಿದ್ದು..."

"ಕ್ಲಾಸಿಗೆ ಹೋಗಿ ಹೋಗಿ ಬಿದ್ರಿ. ನಮ್ಮಪ್ಪ ಹೋಗದೆ ಒಂದು ಸಲಾನೂ ಬೀಳಲಿಲ್ಲ." ಅವಳು ಸೋದರತ್ತೆಯ ಕಡೆ ತಿರುಗಿದಳು. "ಕೇಳಿದ್ರಾ ಅತ್ತೆ?"

"ಅಯ್ಯೋ, ಅದು ನಿಜ ತಾನೇ," ಎಂದರು ಸೋದರತ್ತೆ. ಸುತ್ತ ನಿಂತವರಲ್ಲಿ ಒಂದಿಬ್ಬರು ತಲೆಯಾಡಿಸಿದರು. "ಆ ವಯಸ್ಸಲ್ಲಿ ಬಿದ್ದು ಏಳೋ ಸರ್ಕಸ್ ಎಲ್ಲಾ ಯಾಕೆ ಬೇಕಪ್ಪಾ? ಒಂದು ಕಡೆ ಕೂತ್ಕೊಂಡು ಟೀವಿ ನೋಡ್ತಾ ಇದ್ರೆ ಆಗಲ್ವಾ?"

ಡ್ರೈವರು ಟೀಚರ ಮುಖ ನೋಡಿದರು. ಸಾಕ್ಷಿ ಹೇಳಲು ಹೋಗಿ ತಾವೇ ಕೇಸು ಕೆಡಿಸಿದ್ದು ಅವರಿಗೆ ಅರ್ಥವಾಗಿತ್ತು. ಎಲ್ಲಿ ಕೆಟ್ಟಿತು ಎಂಬುದು ಅರ್ಥವಾಗಿರಲಿಲ್ಲ.

"ಈಗ ಕ್ಲಾಸಲ್ಲಿ ಏನು ಮಾಡಿಸ್ತಾ ಇದ್ದೀರಿ?" ಎಂದು ಮಗ ಕೇಳಿದ. ಬೆಳಗಿನಿಂದ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಈಗ..." ಟೀಚರು ತಡವರಿಸಿದರು. "ಈಗ ಎಲ್ಲಾ ಕೂತ್ಕೊಂಡೇ ಮಾಡಿಸ್ತೀವಿ. ಕಮಿಟಿಯವರು ಬೇರೆ ಏನಕ್ಕೂ ಒಪ್ಪಲ್ಲ."

"ಅಂದ್ರೆ ಕುರ್ಚಿ ಮೇಲೆ."

"ಹೂಂ. ಕುರ್ಚಿ ಮೇಲೆ."

"ನಮ್ಮನೇಲೂ ಕುರ್ಚಿ ಇದೆಯಲ್ಲ," ಎಂದ ಮಗ. ವ್ಯಂಗ್ಯದಿಂದ ಹೇಳಿದ್ದಲ್ಲ. ಅವನಿಗೆ ವಿಷಯ ಇತ್ಯರ್ಥವಾಯಿತು ಅನ್ನಿಸಿತ್ತು.

ಮೂಲೆಯ ಬೆಂಚಿನಿಂದ ತಾಯಿ ಎಲ್ಲವನ್ನೂ ಕೇಳುತ್ತಿದ್ದರು. ಟೀಚರು ಮತ್ತೆ ಆ ಕಡೆ ಹೋಗಲಿಲ್ಲ. ಬಾಗಿಲ ಹತ್ತಿರವೇ ನಿಂತುಕೊಂಡರು.

*

ಕುರ್ಚಿ ಬಂದ ಮೇಲೂ ಕೆಲವು ದಿನ ಕಂಡಕ್ಟರ ಹೆಂಡತಿ ಸೋಲು ಒಪ್ಪಿರಲಿಲ್ಲ. ಮಗಳು ಡ್ಯೂಟಿಗೆ ಹೋದ ಮೇಲೆ ಹಿಂದಿನ ಕೊಂಡಿ ತೆಗೆದು ಗಂಡನನ್ನು ಅಡುಗೆಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅಡುಗೆಕಟ್ಟೆಯ ಪಕ್ಕ ನಿಲ್ಲಿಸಿ, ಅವರ ಹಳೆಯ ಯೂನಿಫಾರಂ ಬೆಲ್ಟನ್ನು ಸೊಂಟಕ್ಕೆ ಬಿಗಿದು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಿಂದ ನೂಕುತ್ತಿದ್ದರು.

"ಇದೇನೇ, ಇರುವೆ ನೂಕಿದ ಹಾಗೆ," ಎನ್ನುತ್ತಿದ್ದರು ಕಂಡಕ್ಟರು. "ಮದುವೆಯಾದಾಗಿನಿಂದ ನನ್ನ ಮೇಲಿರೋ ಸಿಟ್ಟೆಲ್ಲಾ ಒಟ್ಟು ಮಾಡಿ ನೂಕು."

"ಅಷ್ಟು ಮಾಡಿದ್ರೆ ನೀವು ಪಕ್ಕದ ಮನೇಲಿ ಹೋಗಿ ಬೀಳ್ತೀರಿ."

ಅಂಥ ಒಂದು ದಿನ ಮಗಳು ಮರೆತ ಗುರುತಿನ ಚೀಟಿಗಾಗಿ ವಾಪಸು ಬಂದಳು. ಬಾಗಿಲ ಸದ್ದಿಗೆ ಕಂಡಕ್ಟರು ಬೆಚ್ಚಿದರು. ಎತ್ತಿದ ಕಾಲು ಇಡುವುದರೊಳಗೆ ವಾಲಿದರು. ಹೆಂಡತಿ ಬೆಲ್ಟು ಬಿಡದೆ ಮೆಲ್ಲಗೆ ನೆಲದ ಮೇಲೆ ಕೂರಿಸಿದರು. ಏನೂ ಆಗಲಿಲ್ಲ.

ಮಗಳು ಕೂಗಾಡಿದ್ದರೆ ತಾಯಿ ಎದುರು ನಿಲ್ಲುತ್ತಿದ್ದರೋ ಏನೋ. ಅವಳು ಕೂಗಾಡಲಿಲ್ಲ. ನೆಲದ ಮೇಲೆ ಅಪ್ಪನ ಪಕ್ಕದಲ್ಲಿ ಕೂತು, ಅವರ ಸೊಂಟವನ್ನು ಎರಡೂ ಬದಿಯಿಂದ ಒತ್ತಿ ನೋಡುತ್ತಾ, ಮಗುವಿನ ಹಾಗೆ ಅತ್ತಳು. "ನಿಂಗೆ ಗೊತ್ತಿಲ್ಲ ಅಮ್ಮಾ, ಅವರು ಹೇಗೆ ಕೂಗ್ತಾರೆ ಅಂತ ನಿಂಗೆ ಗೊತ್ತಿಲ್ಲ," ಎಂದಳು.

ತಾಯಿ ಮತ್ತೆ ಆ ಕೊಂಡಿ ತೆಗೆಯಲಿಲ್ಲ.

ಮೊದಲು ತೊಡೆ ಹೋಯಿತು. ಪ್ಯಾಂಟು ಹ್ಯಾಂಗರಿಗೆ ನೇತುಹಾಕಿದ ಹಾಗೆ ಕಾಣತೊಡಗಿತು. ಆಮೇಲೆ ಕುರ್ಚಿಯಿಂದ ಎಬ್ಬಿಸಲು ಇಬ್ಬರು ಬೇಕಾದರು. ನೋಡಲು ಬಂದ ಡಾಕ್ಟರು ಎದ್ದು ನಿಲ್ಲಿ ಎಂದಾಗ ಕಂಡಕ್ಟರು ಹಲಗೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ತಮ್ಮ ಪಾದಗಳನ್ನೇ ನೋಡಿದರು. ಬಳಿಕ ಹೆಂಡತಿಯ ಕಡೆ ತಿರುಗಿ, ನಾಚಿಕೊಂಡವರಂತೆ ಹೇಳಿದರು:

"ಮರೆತುಹೋಗಿದೆ ಕಣೇ. ಕಾಲು ಹೇಗಿಟ್ಕೋಬೇಕು ಅಂತ."

*

ಕುಲುಮೆಯ ಬಾಗಿಲು ಮುಚ್ಚಿದ ಮೇಲೆ ಚಿತಾಗಾರದ ಕೆಲಸದವನು ಬಂದು, ಇನ್ನು ನೀವೆಲ್ಲ ಹೊರಡಬಹುದು, ಬೂದಿ ನಾಳೆ ಕೊಡುತ್ತೇವೆ ಎಂದ. ಜನ ಚದುರಿದರು. ಮಗಳು ಕಚೇರಿಯ ಕಿಟಕಿಯಲ್ಲಿ ಸಹಿ ಹಾಕುತ್ತಿದ್ದಳು. ಮಗ ಕಾರನ್ನು ಗೇಟಿನ ಹತ್ತಿರ ತರಲು ಹೊರಟಿದ್ದ.

ತಾಯಿ ಯಾರಿಗೂ ಹೇಳದೆ ಎದ್ದರು.

ಬೆಂಚಿನಿಂದ ಏಳುವಾಗ ಅವರು ಕೈ ಊರಲಿಲ್ಲ. ಅದನ್ನು ಗಮನಿಸಿದ್ದು ಬಾಗಿಲಲ್ಲಿ ನಿಂತಿದ್ದ ಟೀಚರೊಬ್ಬರೇ. ತಾಯಿ ಅವರ ಪಕ್ಕದಲ್ಲಿಯೇ ಹಾದುಹೋದರು, ಮುಖ ನೋಡಲಿಲ್ಲ. ಮೂರು ಮೆಟ್ಟಿಲು ಇಳಿದು ಮರಳಿನ ದಾರಿಗೆ ಬಂದರು. ತಲೆ ಎತ್ತಿ, ಎದುರಿನ ಗೇಟು ನೋಡುತ್ತಾ, ಸಾಕಷ್ಟು ಚುರುಕಾಗಿಯೇ ನಡೆಯತೊಡಗಿದರು. ಡ್ರೈವರು ಅವರ ಹಿಂದೆ ಸ್ವಲ್ಪ ದೂರದಲ್ಲಿದ್ದರು.

"ಅತ್ತಿಗೆ, ನಿಧಾನ. ಸಿಗ್ನಲ್ ಬಿದ್ದಿಲ್ಲ ಇನ್ನೂ."

"ನೀವು ಬನ್ನಿ, ಡ್ರೈವರೇ. ಹಿಂದೆ ಬೀಳಬೇಡಿ."

ದಾರಿಯ ನಡುವೆ ಪೈಪಿನ ಮೇಲೆ ಮುಚ್ಚಿದ ಸಿಮೆಂಟಿನ ಅಂಚೊಂದು ಮರಳಿನಿಂದ ಒಂದು ಬೆರಳಿನಷ್ಟು ಮೇಲೆದ್ದಿತ್ತು. ತಾಯಿಯ ಬಲಗಾಲು ಅದಕ್ಕೆ ತಗುಲಿತು. ಮೈ ಮುಂದಕ್ಕೆ ಹೋಯಿತು. ಎಡಗಾಲು ತಾನಾಗಿಯೇ, ಉದ್ದಕ್ಕೆ, ಸರಿಯಾದ ಜಾಗಕ್ಕೆ ಹೋಗಿ ಊರಿತು. ಮೊಣಕಾಲು ಬಾಗಿ ಭಾರ ಹಿಡಿಯಿತು. ಕೈಗಳು ಒಮ್ಮೆ ಅಗಲವಾದವು. ಅವರು ನಿಂತರು. ನೆಟ್ಟಗೆ ನಿಂತರು.

ಅಷ್ಟು ಶುದ್ಧವಾದ ಹೆಜ್ಜೆಯನ್ನು ಟೀಚರು ತಮ್ಮ ಹಾಲ್‌ನಲ್ಲಿ ಕಂಡಿರಲಿಲ್ಲ. ಅದು ಬಿದ್ದದ್ದಲ್ಲ, ಬೀಳದೆ ಇದ್ದದ್ದು ಎಂದು ಅಲ್ಲಿದ್ದ ಎಲ್ಲರಿಗೂ ಹೇಳಬಲ್ಲವರು ಅವರೊಬ್ಬರೇ. ಆದರೆ ಅವರ ಬಾಯಿಂದ ಹೊರಬಿದ್ದದ್ದು ಎಲ್ಲರ ಬಾಯಿಂದ ಬಿದ್ದ ಮಾತೇ.

"ಹುಷಾರು!"

"ಅಮ್ಮಾ!" ಮಗಳು ಪೆನ್ನು ಕಿಟಕಿಯಲ್ಲೇ ಬಿಟ್ಟು ಓಡಿ ಬಂದಳು. ಮಗ ಗೇಟಿನಿಂದ ತಿರುಗಿ ಓಡಿ ಬಂದ. ಸೋದರತ್ತೆ ಎದೆ ಹಿಡಿದುಕೊಂಡರು. "ದೇವರೇ, ಇನ್ನೇನು ಬಿದ್ದೇಹೋಗಿದ್ರು! ಒಂದೇ ದಿನ ಎರಡೆರಡು..."

"ಬಿದ್ದಿಲ್ಲ," ಎಂದರು ತಾಯಿ. "ನೋಡಿ, ನಿಂತಿದ್ದೀನಿ."

"ಸಾಕು ಅಮ್ಮಾ. ಮಾತಾಡಬೇಡ." ಮಗಳು ತಾಯಿಯ ಎಡ ಕಂಕುಳಿಗೆ ಕೈಕೊಟ್ಟಳು. "ಆ ಕಡೆ ಹಿಡ್ಕೊಳ್ಳೋ. ಸರಿಯಾಗಿ ಹಿಡ್ಕೋ, ಮೇಲಕ್ಕೆ."

ಮಗ ಬಲಗಡೆ ಹಿಡಿದ. ಅವನು ಎತ್ತರದವನು, ತಾಯಿ ಸಣ್ಣಕ್ಕೆ ಇದ್ದರು. ಇಬ್ಬರೂ ಎತ್ತಿ ಹಿಡಿದು ಹೊರಟಾಗ ತಾಯಿಯ ಹಿಮ್ಮಡಿಗಳು ನೆಲ ಬಿಟ್ಟವು.

"ಇಳಿಸಿ, ನಾನು ನಡೀತೀನಿ... ಚಪ್ಪಲಿ ಬಿತ್ತು ಕಣೋ."

"ಹೊಸದು ತೆಗೆದುಕೊಡ್ತೀನಮ್ಮ," ಎಂದ ಮಗ, ನಿಲ್ಲದೆ.

ಡ್ರೈವರೂ ಟೀಚರೂ ದಾರಿಯ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಕಾರಿನ ಬಾಗಿಲು ತೆರೆಯಿತು, ಮುಚ್ಚಿತು. ಗೇಟಿನವರೆಗೆ ಮರಳಿನ ಮೇಲೆ ಎಡಬಲಕ್ಕೆ ಮಕ್ಕಳಿಬ್ಬರ ಹೆಜ್ಜೆಗಳು ಆಳವಾಗಿ, ಒತ್ತೊತ್ತಾಗಿ ಮೂಡಿದ್ದವು. ನಡುವೆ ಹೆಜ್ಜೆಗಳಿರಲಿಲ್ಲ. ಎರಡು ಗೆರೆಗಳಿದ್ದವು: ಒಂದು ಅಗಲದ್ದು, ಚಪ್ಪಲಿಯ ತುದಿ ಎಳೆದದ್ದು, ಇನ್ನೊಂದು ಸಣ್ಣದು, ಬರಿಗಾಲಿನ ಹೆಬ್ಬೆರಳಿನದು. ಅಲ್ಲಲ್ಲಿ ಆ ಸಣ್ಣ ಗೆರೆ ಕಡಿದು, ನೆಲ ಹುಡುಕಿದಂತೆ, ಮತ್ತೆ ಶುರುವಾಗಿತ್ತು.